ತಕ್ಕಡಿಗೆ ಸಿಕ್ಕಿದ ವಿದ್ಯುತ್ತು

ತಾಮ್ರದ ತಂತಿಯೊಂದರಲ್ಲಿ ವರ್ಷಗಟ್ಟಲೆ ವಿದ್ಯುತ್ತನ್ನು ಹರಿಸಿದರೂ ಆ ತಂತಿ ತಾಮ್ರವಾಗಿಯೇ ಉಳಿಯುತ್ತದೆ. ಅದು ಬಿಸಿಯಾಗಬಹುದು, ತನ್ನ ಸುತ್ತಲೂ ಕಾಂತಕ್ಷೇತ್ರವನ್ನು ಉಂಟುಮಾಡಬಹುದು. ಆದರೆ ಪ್ರವಾಹವನ್ನು ನಿಲ್ಲಿಸಿ ತೂಗಿದರೆ ಅದರ ತೂಕದಲ್ಲಿ ಒಂದು ಗುಂಜಿಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ದ್ರವಗಳ ನಡತೆ ಬೇರೆ. ಮೈಲುತುತ್ತವನ್ನು ಕರಗಿಸಿದ ನೀರಿನಲ್ಲಿ ಎರಡು ತಾಮ್ರದ ತಗಡುಗಳನ್ನು ಇಳಿಬಿಟ್ಟು ಅವನ್ನು ಬ್ಯಾಟರಿಯೊಂದಕ್ಕೆ ಜೋಡಿಸಿದರೆ, ಸ್ವಲ್ಪ ಹೊತ್ತಿನಲ್ಲಿ ಒಂದು ತಗಡು ಸವೆದು ಹಗುರವಾಗುತ್ತದೆ. ಇನ್ನೊಂದು ಹೊಸ ತಾಮ್ರವನ್ನು ಮೈಗೂಡಿಸಿಕೊಂಡು ಭಾರವಾಗುತ್ತದೆ. ಒಂದು ಕಳೆದುಕೊಂಡುದೆಷ್ಟೋ ಇನ್ನೊಂದು ಗಳಿಸಿದುದೂ ಅಷ್ಟೇ.

ಇಂತಹ ದ್ರವಗಳಲ್ಲಿ ವಿದ್ಯುತ್ತು ಬರಿಗೈಯಲ್ಲಿ ನಡೆಯುವುದಿಲ್ಲ; ವಸ್ತುವನ್ನು ಹೊತ್ತುಕೊಂಡೇ ನಡೆಯುತ್ತದೆ. ಆದುದರಿಂದ ಎಷ್ಟು ವಿದ್ಯುತ್ತು ಹರಿಯಿತೆಂಬುದನ್ನು ತಕ್ಕಡಿಯಲ್ಲಿ ತೂಗಿಯೇ ಹೇಳಬಹುದು. ಹೀಗೆ ತೂಗುತ್ತ ಹೋದವರಿಗೆ ಕೊನೆಗೆ ದೊರೆತ ಫಲ ಅವರು ನಿರೀಕ್ಷಿಸಿದುದಕ್ಕಿಂತ ಬಹು ದೊಡ್ಡದು. ಎಣ್ಣೆಯ ಧಾರೆಯಂತೆ ಅಖಂಡವೆಂದು ತೋರುತ್ತಿದ್ದ ವಿದ್ಯುತ್ತು, ನಿಜವಾಗಿ ರಾಗಿಯ ರಾಶಿಯಂತೆ ಕಾಳುಕಾಳಾದುದು ಎಂಬ ಮೊದಲ ಸುಳಿವು ಸಿಕ್ಕಿದುದು ಉಪ್ಪುನೀರಿನ ಪಾತ್ರೆಗಳಿಂದಲೇ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ನೋಡೋಣ.

ನೀರು ವಾಹಕವೇ?

ವಿದ್ಯುತ್ತಿನ ವಿಷಯದಲ್ಲಿ ದ್ರವಗಳನ್ನು ಮೂರು ಗುಂಪು ಮಾಡಬಹುದು. ಪಾದರಸ ಮತ್ತು ಕಾಯಿಸಿ ಕರಗಿಸಿದ ಲೋಹಗಳು ಮೊದಲನೆಯ ಗುಂಪು. ಇವು ತಂತಿಯಂತೆಯೇ ವಿದ್ಯುತ್ತನ್ನು ಸಾಗಿಸುತ್ತವೆ, ತಾವು ಮಾತ್ರ ಬದಲಾಗುವುದಿಲ್ಲ. ಸೀಮೆ ಎಣ್ಣೆ, ಅಡಿಗೆಯ ಎಣ್ಣೆ, ಸಕ್ಕರೆಯ ದ್ರಾವಣ ಮೊದಲಾದುವು ಎರಡನೆಯವು. ಇವುಗಳಲ್ಲಿ ಪ್ರವಾಹ ಇಲ್ಲವೆಂದರೂ ಸಲ್ಲುತ್ತದೆ. ಆಮ್ಲ, ಕ್ಷಾರ, ಲವಣಗಳ ದ್ರಾವಣಗಳೂ ಕಾಯಿಸಿ ಕರಗಿಸಿದ ಲವಣಗಳೂ ಮೂರನೆಯ ಗುಂಪು. ಇವು ವಿದ್ಯುತ್ತನ್ನು ಸಾಗಿಸುತ್ತವೆ. ಸಾಗಿಸುವಾಗ ರಾಸಾಯನಿಕವಾಗಿ ಒಡೆಯುತ್ತವೆ. ಹೀಗೆ ಒಡೆಯುವ ಕ್ರಿಯೆಗೆ ವಿದ್ಯುದ್ವಿಭಜನೆ ಎಂದೂ ಒಡೆಯುವ ವಸ್ತುವಿಗೆ ವಿದ್ಯುದ್ವಿಭಾಜ್ಯ ಎಂದೂ ಹೆಸರು.

ಹಾಗಾದರೆ ನೀರು ಯಾವ ಗುಂಪಿಗೆ ಸೇರಿದುದು? ಒದ್ದೆಯ ಕೈಯಿಂದ ಸ್ವಿಚ್ಚನ್ನು ಮುಟ್ಟಬಾರದೆಂದು ಎಲ್ಲರೂ ಬಲ್ಲರು. ಆದಕಾರಣ ನೀರು ಒಳ್ಳೆಯ ವಾಹಕವೆಂದೇ ನಂಬಿಕೆ. ಆದರೆ ಶುದ್ಧ ನೀರು ಬಹಳ ಕೆಟ್ಟ ವಾಹಕ. ಜರ್ಮನಿಯ ಕೋಲ್‌ರಾಷ್ ಎಂಬ ಭೌತವಿಜ್ಞಾನಿ ನೀರನ್ನು ಮತ್ತೆ ಮತ್ತೆ ಬಟ್ಟಿಯಿಳಿಸಿ, ಅದರಲ್ಲಿ ಕರಗಿದ ಕಲ್ಮಶಗಳನ್ನೆಲ್ಲ ತೊಲಗಿಸುತ್ತ ಹೋದಂತೆ, ಅದರ ವಾಹಕತೆ ಕುಗ್ಗುತ್ತಲೇ ಹೋಯಿತು. ಆದರೂ ಅದು ಸೊನ್ನೆಯಾಗಲಿಲ್ಲ. ಸುಮಾರು 55 ಕೋಟಿ ನೀರಿನ ಅಣುಗಳಲ್ಲಿ ಒಂದು ತಾನಾಗಿಯೇ ಒಡೆದಿರುವುದು ಇದಕ್ಕೆ ಕಾರಣ. ಅತಿ ಶುದ್ಧವಾದ ನೀರಿಗಿಂತ ಸಮುದ್ರದ ನೀರು ಹೆಚ್ಚುಕಡಮೆ ಹತ್ತು ಲಕ್ಷ ಪಾಲು ಮೇಲಾದ ವಾಹಕ. ವ್ಯತ್ಯಾಸವೆಲ್ಲ ಅದರಲ್ಲಿ ಕರಗಿದ ಉಪ್ಪಿನದು.

ಬಾವಿಯ ನೀರಿನಲ್ಲಿ, ನಲ್ಲಿಯ ನೀರಿನಲ್ಲಿ, ನಮ್ಮ ಬೆವರಿನಲ್ಲಿ, ರಕ್ತದಲ್ಲಿ ಲವಣಗಳಿವೆ. ಒದ್ದೆಯ ಕೈ ಅಪಾಯಕರವಾದುದು ಇದರಿಂದಲೇ. ಚರ್ಮ ಒಣಗಿದ್ದಾಗ ಪ್ರವಾಹವನ್ನು ಅಷ್ಟಿಷ್ಟು ತಡೆಯುತ್ತದೆ. ನೆನೆದಾಗ ಆ ತಡೆ ಕುಸಿದು, ಒಳಗಿರುವ ಉಪ್ಪುನೀರಿಗೆ ದಾರಿ ತೆರೆಯುತ್ತದೆ. ಹೊಲದ ಪಂಪ್‌ಸೆಟ್ಟಿನ ಬಳಿ ಕೆಸರಿನಲ್ಲಿ ಬರಿಗಾಲಿನಿಂದ ನಿಂತು ತಂತಿಯನ್ನು ಮುಟ್ಟುವುದು ಪ್ರಾಣಕ್ಕೇ ಸಂಚಕಾರ.

ಈಚೆಗೆ ಕುಡಿಯುವ ನೀರನ್ನು ಪರೀಕ್ಷಿಸಲು ಟಿಡಿಎಸ್ ಮೀಟರ್ ಎಂಬ ಪುಟ್ಟ ಉಪಕರಣವನ್ನು ಅನೇಕರು ಬಳಸುತ್ತಾರೆ. ಅದು ನೀರಿನಲ್ಲಿರುವ ಲವಣಗಳನ್ನು ತೂಗುವುದಿಲ್ಲ. ನೀರಿನ ವಾಹಕತೆಯನ್ನು ಅಳೆದು, ಅದರಿಂದ ಲವಣದ ಪ್ರಮಾಣವನ್ನು ಅಂದಾಜು ಮಾಡುತ್ತದೆ. ಆದುದರಿಂದ ಯಾವ ಲವಣ ಎಷ್ಟಿದೆಯೆಂಬುದನ್ನು ಅದು ತಿಳಿಸಲಾರದು. ಕೊಳವೆ ಬಾವಿಯ ನೀರಿನಲ್ಲಿ ಹಲ್ಲುಮೂಳೆಗಳನ್ನು ಕೆಡಿಸುವಷ್ಟು ಫ್ಲೋರೈಡು ಇದ್ದರೂ, ರೋಗಾಣುಗಳಿದ್ದರೂ ಆ ಮೀಟರಿನಿಂದ ಅದು ಗೊತ್ತಾಗುವುದಿಲ್ಲ. ಅದರ ಮುಳ್ಳೋ ಅಂಕಿಯೋ ತೋರಿಸುವುದು ಒಂದನ್ನೇ: ಈ ನೀರಿನಲ್ಲಿ ವಿದ್ಯುತ್ತನ್ನು ಹೊರುವ ಆಳುಗಳು ಎಷ್ಟು ಮಂದಿ ಎಂಬುದನ್ನು. ಈ ಆಳುಗಳು ಯಾರೆಂಬುದೇ ನಮ್ಮ ಮುಂದಿನ ಪ್ರಶ್ನೆ.

ಎರಡು ತಂತಿಗಳ ನಡುವಣ ಒಗಟು

1800ನೆಯ ಇಸವಿ ಮಾರ್ಚಿಯಲ್ಲಿ ಇಟಲಿಯ ವೋಲ್ಟಾ, ತಾನು ರಚಿಸಿದ ಹೊಸ ಉಪಕರಣವನ್ನು ವಿವರಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಎರಡು ಬಗೆಯ ಲೋಹದ ಬಿಲ್ಲೆಗಳನ್ನು, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟನ್ನಿಟ್ಟು, ಒಂದರ ಮೇಲೊಂದು ಪೇರಿಸಿದರೆ ನಿರಂತರವಾದ ವಿದ್ಯುತ್ಪ್ರವಾಹ ದೊರೆಯುವುದೆಂದು ಅವನು ತೋರಿಸಿದ್ದನು. ಈ ಪತ್ರದ ಸುದ್ದಿ ತಿಳಿದ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬುವರು ಕೆಲವೇ ವಾರಗಳಲ್ಲಿ ಅಂಥದೇ ಸ್ತಂಭವೊಂದನ್ನು ಕಟ್ಟಿದರು. ತಂತಿ ಚೆನ್ನಾಗಿ ತಾಗಲೆಂದು ಬಿಲ್ಲೆಯ ಮೇಲೆ ಒಂದು ತೊಟ್ಟು ನೀರು ಹಾಕಿದಾಗ ಅಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಆಮೇಲೆ ಎರಡು ತಂತಿಗಳನ್ನು ನೀರಿನ ನಳಿಗೆಯೊಂದರಲ್ಲಿ ಮುಳುಗಿಸಿ ನೋಡಿದರು. ಒಂದು ತಂತಿಯಿಂದ ಜಲಜನಕ, ಇನ್ನೊಂದರಿಂದ ಆಮ್ಲಜನಕ ಹೊರಟಿತು. ನೀರು ಒಡೆದಿತ್ತು!

ಏಳು ವರ್ಷಗಳ ಬಳಿಕ, 1807ರಲ್ಲಿ, ಹಂಫ್ರಿ ಡೇವಿ ಇದೇ ಆಯುಧವನ್ನು ಅದುವರೆಗೆ ಯಾರಿಂದಲೂ ಒಡೆಯಲಾಗದಿದ್ದ ಕ್ಷಾರಗಳ ಮೇಲೆ ಪ್ರಯೋಗಿಸಿದನು. ಅವುಗಳ ದ್ರಾವಣದಲ್ಲಿ ಪ್ರವಾಹವನ್ನು ಹರಿಸಿದಾಗ ಒಡೆದುದು ನೀರು ಮಾತ್ರ. ಹೀಗಿರಲು ಅವನು ನೀರನ್ನು ಬಿಟ್ಟು, ಕ್ಷಾರವನ್ನೇ ಕರಗಿಸಿ ಅದರಲ್ಲಿ ಪ್ರವಾಹವನ್ನು ಹರಿಸಿದನು. ಪಾದರಸದ ಹನಿಗಳಂತೆ ಹೊಳೆಯುವ ಲೋಹದ ಕಣಗಳು ಕಾಣಿಸಿಕೊಂಡವು. ಕೆಲವು ಕಾಣಿಸಿದೊಡನೆಯೇ ಹೊತ್ತಿ ಉರಿದುವು. ಪೊಟ್ಯಾಸಿಯಂ, ಸೋಡಿಯಂ ಎಂಬ ಎರಡು ಹೊಸ ಲೋಹಗಳು ಹೀಗೆ ಬೆಳಕಿಗೆ ಬಂದುವು.

ಆದರೆ ಒಂದು ಒಗಟು ಉಳಿಯಿತು. ನೀರಿನ ಅಣು ಒಡೆದರೆ ಜಲಜನಕವೂ ಆಮ್ಲಜನಕವೂ ಒಂದೇ ಸ್ಥಳದಲ್ಲಿ ಹೊರಡಬೇಕಷ್ಟೆ. ಒಂದು ಇಲ್ಲಿ, ಇನ್ನೊಂದು ಅಷ್ಟು ದೂರದಲ್ಲಿ ಹೊರಡುವುದೇಕೆ? ನಡುವೆ ಇರುವ ನೀರಿನಲ್ಲಿ ಗುಳ್ಳೆಯಾಗಲಿ ಕಲಕಾಗಲಿ ಏನೂ ಕಾಣುವುದಿಲ್ಲ. ಗ್ರೋಟುಸ್ ಎಂಬ ತರುಣನು 1806ರ ಸುಮಾರಿಗೆ ಒಂದು ಉತ್ತರವನ್ನು ಸೂಚಿಸಿದನು. ಮನೆ ಕಟ್ಟುವ ಕಡೆ ಆಳುಗಳು ಸಾಲಾಗಿ ನಿಂತು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವಂತೆ, ನೀರಿನ ಅಣುಗಳು ತಮ್ಮ ಭಾಗಗಳನ್ನು ಪಕ್ಕದ ಅಣುವಿಗೆ ಕೊಟ್ಟು ಈ ಪಕ್ಕದಿಂದ ತೆಗೆದುಕೊಳ್ಳುತ್ತವೆ. ಸಾಲಿನ ಎರಡು ತುದಿಗಳಲ್ಲಿ ಮಾತ್ರ ಜೊತೆಯಿಲ್ಲದೆ ಉಳಿದ ಭಾಗಗಳು ಹೊರಬೀಳುತ್ತವೆ ಎಂದು ಅವನ ಊಹೆ. ಈ ಊಹೆಯನ್ನು ಮರೆಯದಿರೋಣ. ಇದರ ಪ್ರಸ್ತಾಪ ಇನ್ನೊಮ್ಮೆ ಬರಲಿದೆ.

ಫ್ಯಾರಡೆಯ ನಿಯಮಗಳು

ಊಹೆಗಳ ಈ ಕ್ಷೇತ್ರಕ್ಕೆ ಅಳತೆಯನ್ನು ತಂದವನು ಮೈಕೇಲ್ ಫ್ಯಾರಡೆ. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದು, 1813ರಲ್ಲಿ ಡೇವಿಯ ಸಹಾಯಕನಾಗಿ ಸೇರಿದ ಇವನು, 1833 ಮತ್ತು 1834ರಲ್ಲಿ ವಿದ್ಯುದ್ವಿಭಜನೆಯ ಎರಡು ನಿಯಮಗಳನ್ನು ಸ್ಥಾಪಿಸಿದನು. ಈ ವಿಷಯಕ್ಕೆ ಬೇಕಾದ ಶಬ್ದಗಳನ್ನೂ ಕೇಂಬ್ರಿಜ್‌ನ ವಿದ್ವಾಂಸ ವ್ಹ್ಯೂಎಲ್‌ನ ನೆರವಿನಿಂದ ರೂಪಿಸಿದನು. ವಿದ್ಯುತ್ತು ದ್ರವವನ್ನು ಪ್ರವೇಶಿಸುವ ಮತ್ತು ಬಿಡುವ ತುದಿಗಳು ವಿದ್ಯುದಗ್ರಗಳು. ಬ್ಯಾಟರಿಯ ಧನ ತುದಿಗೆ ಸೇರಿದುದು ಆನೋಡ್ ಅಥವಾ ಧನಾಗ್ರ, ಋಣ ತುದಿಗೆ ಸೇರಿದುದು ಕ್ಯಾಥೋಡ್ ಅಥವಾ ಋಣಾಗ್ರ. ದ್ರವದಲ್ಲಿ ಅತ್ತಿತ್ತ ಚಲಿಸುವ ಭಾಗಗಳಿಗೆ ಅವನು ಅಯಾನು ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ‘ಹೋಗುವುದು’ ಎಂದರ್ಥ.

ಮೊದಲನೆಯ ನಿಯಮ ಸರಳವಾದುದು. ಅಗ್ರದಲ್ಲಿ ಸಂಗ್ರಹವಾಗುವ ವಸ್ತುವಿನ ತೂಕ, ಹರಿದ ವಿದ್ಯುತ್ತಿನ ಪರಿಮಾಣಕ್ಕೆ ಅನುಗುಣವಾಗಿರುತ್ತದೆ. ಎರಡರಷ್ಟು ಹೊತ್ತು ಹರಿಸಿದರೆ ಎರಡರಷ್ಟು ತೂಕ. ಎರಡರಷ್ಟು ಪ್ರಬಲವಾದ ಪ್ರವಾಹವನ್ನು ಹರಿಸಿದರೂ ಎರಡರಷ್ಟು ತೂಕ. ಪಾತ್ರೆಯ ಆಕಾರ, ಅಗ್ರಗಳ ನಡುವಣ ದೂರ, ದ್ರಾವಣದ ಸಾಂದ್ರತೆ ಯಾವುದಕ್ಕೂ ಇಲ್ಲಿ ಲೆಕ್ಕವಿಲ್ಲ. ಒಂದು ಆಂಪಿಯರ್ ಪ್ರವಾಹವು ಒಂದು ಸೆಕೆಂಡಿನಲ್ಲಿ 1.118 ಮಿಲಿಗ್ರಾಂ ಬೆಳ್ಳಿಯನ್ನು ಶೇಖರಿಸುತ್ತದೆ. ಒಂದು ಗಂಟೆಯಲ್ಲಿ ನಾಲ್ಕು ಗ್ರಾಮಿಗೆ ಸ್ವಲ್ಪ ಹೆಚ್ಚು. ಈ ನಿಯಮ ಎಷ್ಟು ವಿಶ್ವಾಸಾರ್ಹವಾಗಿತ್ತೆಂದರೆ, 1948ಕ್ಕೆ ಮೊದಲು ಅಂತರರಾಷ್ಟ್ರೀಯ ಆಂಪಿಯರ್ ಎಂಬ ಮಾನವನ್ನು ಬೆಳ್ಳಿಯ ಈ ತೂಕದಿಂದಲೇ ನಿರೂಪಿಸಿದ್ದರು. ವಿದ್ಯುತ್ತಿನ ಅಳತೆ ಅಕ್ಷರಶಃ ತಕ್ಕಡಿಯ ಮೇಲೆ ನಿಂತಿತ್ತು.

ಎರಡನೆಯ ನಿಯಮ ಇನ್ನೂ ಗಹನವಾದುದು. ಒಂದೇ ಪ್ರವಾಹವನ್ನು ಸಾಲಾಗಿ ಜೋಡಿಸಿದ ಹಲವು ಪಾತ್ರೆಗಳ ಮೂಲಕ ಹರಿಸೋಣ. ಒಂದರಲ್ಲಿ ಆಮ್ಲ ಬೆರೆತ ನೀರು, ಒಂದರಲ್ಲಿ ಬೆಳ್ಳಿಯ ಲವಣ, ಇನ್ನೊಂದರಲ್ಲಿ ಮೈಲುತುತ್ತ ಇರಲಿ. ಮೊದಲನೆಯದರಲ್ಲಿ 1.008 ಗ್ರಾಂ ಜಲಜನಕ ಹೊರಡುವಷ್ಟರಲ್ಲಿ ಎರಡನೆಯದರಲ್ಲಿ 107.9 ಗ್ರಾಂ ಬೆಳ್ಳಿಯೂ ಮೂರನೆಯದರಲ್ಲಿ 31.8 ಗ್ರಾಂ ತಾಮ್ರವೂ ಶೇಖರವಾಗಿರುತ್ತವೆ. ರಸಾಯನಶಾಸ್ತ್ರವನ್ನು ಓದಿದವರಿಗೆ ಈ ಅಂಕಿಗಳು ಪರಿಚಿತವೇ. ಇವು ಆಯಾ ಧಾತುವಿನ ಪರಮಾಣು ತೂಕವನ್ನು ಅದರ ವೇಲೆನ್ಸಿಯಿಂದ ಭಾಗಿಸಿದರೆ ಬರುವ ಸಂಖ್ಯೆಗಳು. ಇಷ್ಟಕ್ಕೆ ಬೇಕಾದ ವಿದ್ಯುತ್ತು ಎಲ್ಲ ವಸ್ತುಗಳಿಗೂ ಒಂದೇ: 96,485 ಕೂಲಂಬ್. ಒಂದು ಆಂಪಿಯರ್ ಪ್ರವಾಹವನ್ನು 26 ಗಂಟೆ 48 ನಿಮಿಷ ಹರಿಸಿದರೆ ಇಷ್ಟು ವಿದ್ಯುತ್ತು ಸಾಗುತ್ತದೆ. ಬೆಳ್ಳಿ, ತಾಮ್ರ, ಜಲಜನಕಗಳಂತಹ ಪರಸ್ಪರ ಸಂಬಂಧವಿಲ್ಲದ ವಸ್ತುಗಳೆಲ್ಲ ಒಂದೇ ಅಳತೆಗೆ ತಲೆಬಾಗುವುದೇಕೆ? ಈ ಪ್ರಶ್ನೆಗೆ ಉತ್ತರ ದೊರೆಯುವ ಮೊದಲು ಇನ್ನೊಂದು ಪ್ರಶ್ನೆ ಇತ್ಯರ್ಥವಾಗಬೇಕಾಗಿತ್ತು.

ಅಯಾನುಗಳು ಎಲ್ಲಿಂದ ಬಂದುವು?

ಅಣುಗಳನ್ನು ಸೀಳಿ ಅಯಾನುಗಳನ್ನು ಉಂಟುಮಾಡುವುದು ವಿದ್ಯುತ್ತೇ ಎಂದು ಫ್ಯಾರಡೆಯೂ ಅವನ ಸಮಕಾಲೀನರೂ ತಿಳಿದಿದ್ದರು. 1857ರಲ್ಲಿ ಕ್ಲಾಸಿಯಸ್ ಇದಕ್ಕೆ ಒಂದು ಬಲವಾದ ಆಕ್ಷೇಪವನ್ನೆತ್ತಿದನು. ಅಣುವನ್ನು ಸೀಳಲು ಒಂದು ನಿರ್ದಿಷ್ಟ ಬಲ ಬೇಕಷ್ಟೆ. ಆ ಬಲ ದೊರೆಯುವವರೆಗೆ ಪ್ರವಾಹವೇ ಇರಬಾರದು. ದೊರೆತ ಕೂಡಲೆ ಒಮ್ಮೆಲೆ ನುಗ್ಗಬೇಕು. ಆದರೆ ಮೈಲುತುತ್ತದ ದ್ರಾವಣದಲ್ಲಿ ತಾಮ್ರದ ಅಗ್ರಗಳನ್ನಿಟ್ಟರೆ, ಎಷ್ಟು ಅಲ್ಪವಾದ ವೋಲ್ಟೇಜಿಗೂ ಅದಕ್ಕೆ ತಕ್ಕಷ್ಟು ಪ್ರವಾಹ ಹರಿಯುತ್ತದೆ. ಎಂದಮೇಲೆ, ಬ್ಯಾಟರಿಯನ್ನು ಜೋಡಿಸುವುದಕ್ಕೆ ಮೊದಲೇ ಅಲ್ಲಿ ಕೆಲವು ಅಯಾನುಗಳು ಬಿಡಿಯಾಗಿ ಇದ್ದಿರಬೇಕು.

‘ಕೆಲವು’ ಎಂಬುದನ್ನು ‘ಬಹುಪಾಲು’ ಎಂದು ಹೇಳುವ ಧೈರ್ಯ ಮಾಡಿದವನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್. 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯಕ್ಕೆ ಅವನು ಒಪ್ಪಿಸಿದ ಪ್ರಬಂಧಕ್ಕೆ ಅಲ್ಲಿಯ ಪಂಡಿತರು ಕೆಳದರ್ಜೆಯ ಮನ್ನಣೆಯನ್ನಿತ್ತರು; ಆ ದರ್ಜೆಯಿಂದ ಅಧ್ಯಾಪಕ ವೃತ್ತಿಯ ಬಾಗಿಲೇ ಮುಚ್ಚಿಹೋಗುವ ಸಂಭವವಿತ್ತು. ಅವನು ಪ್ರಬಂಧದ ಪ್ರತಿಗಳನ್ನು ಹೊರದೇಶದ ವಿದ್ವಾಂಸರಿಗೆ ಕಳುಹಿದನು. ರೀಗಾ ನಗರದಲ್ಲಿದ್ದ ಓಸ್ಟ್ವಾಲ್ಡನು ಅದರ ಬೆಲೆಯನ್ನರಿತು ಅವನನ್ನು ಕಾಣಲು ತಾನೇ ಉಪ್ಸಾಲಾಕ್ಕೆ ಬಂದನು. 1887ರಲ್ಲಿ ಅರ್ಹೇನಿಯಸ್ ತನ್ನ ಸಿದ್ಧಾಂತವನ್ನು ಸ್ಪಷ್ಟವಾದ ರೂಪದಲ್ಲಿ ಪ್ರಕಟಿಸಿದನು: ಉಪ್ಪು ನೀರಿನಲ್ಲಿ ಕರಗಿದಾಗಲೇ ಧನ ಅಯಾನು, ಋಣ ಅಯಾನುಗಳಾಗಿ ಬೇರ್ಪಡುತ್ತದೆ, ಬ್ಯಾಟರಿಯು ಅವನ್ನು ಸೃಷ್ಟಿಸುವುದಿಲ್ಲ, ದಾರಿ ತೋರಿಸಿ ನಡೆಸುತ್ತದೆ ಅಷ್ಟೆ.

ಇದಕ್ಕೆ ಸಾಕ್ಷ್ಯ ವಿದ್ಯುತ್ತಿನಿಂದ ಮಾತ್ರವಲ್ಲದೆ ಮಂಜುಗಡ್ಡೆಯಿಂದಲೂ ದೊರೆಯಿತು. ನೀರಿನಲ್ಲಿ ಏನನ್ನಾದರೂ ಕರಗಿಸಿದರೆ ಅದು ಸೊನ್ನೆ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಎಷ್ಟು ಕೆಳಗೆಂಬುದು ಕರಗಿದ ಕಣಗಳ ಸಂಖ್ಯೆಯನ್ನವಲಂಬಿಸುತ್ತದೆ. ಸಮಸಂಖ್ಯೆಯ ಅಣುಗಳು ಬರುವಂತೆ ಸಕ್ಕರೆಯನ್ನೂ ಅಡಿಗೆ ಉಪ್ಪನ್ನೂ ಕರಗಿಸಿ ನೋಡಿದರೆ, ಉಪ್ಪಿನ ಪ್ರಭಾವ ಸಕ್ಕರೆಯದಕ್ಕಿಂತ ಹೆಚ್ಚುಕಡಮೆ ಎರಡರಷ್ಟು! ಉಪ್ಪಿನ ಒಂದೊಂದು ಘಟಕವೂ ಎರಡಾಗಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ? ವಿದ್ಯುತ್ತನ್ನು ಸಾಗಿಸದ ಸಕ್ಕರೆ ಒಡೆಯುವುದಿಲ್ಲ. ಸಾಗಿಸುವ ಉಪ್ಪು ಒಡೆಯುತ್ತದೆ.

ಆದರೂ ವಿರೋಧಿಗಳು ಸುಮ್ಮನಾಗಲಿಲ್ಲ. ಸೋಡಿಯಂ ಲೋಹ ನೀರನ್ನು ಮುಟ್ಟಿದರೆ ಸಿಡಿಯುತ್ತದೆ, ಕ್ಲೋರಿನ್ ವಿಷವಾಯು. ಇವೆರಡೂ ಬಿಡಿಬಿಡಿಯಾಗಿ ಉಪ್ಪುನೀರಿನಲ್ಲಿ ಇದ್ದರೆ ನಾವು ಸಾರು ಉಣ್ಣುವುದು ಹೇಗೆ, ಎಂಬುದು ಅವರ ವಾದದ ಸಾರ. ಇದಕ್ಕೆ ಉತ್ತರವಿಷ್ಟೆ: ಅಯಾನು ಬೇರೆ, ಪರಮಾಣು ಬೇರೆ. ಸೋಡಿಯಂ ಅಯಾನು ತನ್ನ ಒಂದು ಎಲೆಕ್ಟ್ರಾನನ್ನು ಕಳೆದುಕೊಂಡ ಪರಮಾಣು. ಕ್ಲೋರಿನ್ನಿನ ಅಯಾನು ಒಂದನ್ನು ಹೆಚ್ಚಾಗಿ ಪಡೆದ ಪರಮಾಣು. ಕೊಡಬೇಕಾದುದನ್ನು ಕೊಟ್ಟು, ಪಡೆಯಬೇಕಾದುದನ್ನು ಪಡೆದು ಅವು ಶಾಂತವಾಗಿವೆ. 1903ರಲ್ಲಿ ಅರ್ಹೇನಿಯಸ್‌ಗೆ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತು.

ಅವನ ಸಿದ್ಧಾಂತವೂ ತಿದ್ದುಪಡಿಯಿಲ್ಲದೆ ಉಳಿಯಲಿಲ್ಲ. ವಿನಿಗರ್‌ನಂತಹ ದುರ್ಬಲ ಆಮ್ಲಗಳಲ್ಲಿ ನೂರಕ್ಕೆ ಒಂದೆರಡು ಅಣುಗಳು ಮಾತ್ರ ಒಡೆದಿರುತ್ತವೆಂಬುದು ನಿಜ. ಆದರೆ ಅಡಿಗೆ ಉಪ್ಪಿನಂತಹ ಲವಣಗಳಲ್ಲಿಯೂ ಒಡೆಯದ ಅಣುಗಳು ಒಂದು ಪಾಲು ಉಳಿದಿರುತ್ತವೆಂದು ಅವನು ಭಾವಿಸಿದ್ದನು. ಇಲ್ಲ, ಇಂತಹ ಲವಣಗಳು ಸಂಪೂರ್ಣವಾಗಿಯೇ ಒಡೆದಿರುತ್ತವೆ. ಅಯಾನುಗಳು ಒಂದನ್ನೊಂದು ಆಕರ್ಷಿಸುವುದರಿಂದ ವಾಹಕತೆ ಕುಗ್ಗಿದಂತೆ ಕಾಣುತ್ತದೆ ಎಂಬ ಆಧಾರದ ಮೇಲೆ 1918ರಲ್ಲಿ ಒಂದು ಸಿದ್ಧಾಂತವನ್ನು ಕಟ್ಟಿದವರು ಕಲ್ಕತ್ತೆಯ ತರುಣ ವಿಜ್ಞಾನಿ ಜ್ಞಾನಚಂದ್ರ ಘೋಷ್. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಅವರು ರಚಿಸಿದ ಗಣಿತ ಘೋಷರ ಗಣಿತವನ್ನು ಹಿಂದಿಕ್ಕಿತು. ಸಂಪೂರ್ಣ ವಿಭಜನೆಯ ಭಾವನೆ ಮಾತ್ರ ಉಳಿದು ನಿಂತಿತು. ಇದೇ ಘೋಷ್ ಅವರು 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಒಡೆಯುವ ಕೆಲಸವನ್ನು ನೀರು ಹೇಗೆ ಮಾಡುತ್ತದೆ? ನೀರಿನಲ್ಲಿ ಎರಡು ಆವೇಶಗಳ ನಡುವಣ ಆಕರ್ಷಣೆ, ನಿರ್ವಾತದಲ್ಲಿ ಇರುವುದರ ಸುಮಾರು 80ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಿಡಿತ ಸಡಿಲವಾದೊಡನೆ ನೀರಿನ ಅಣುಗಳು ಒಂದೊಂದು ಅಯಾನನ್ನೂ ಸುತ್ತುಗಟ್ಟಿ ಬೇರೆಬೇರೆಯಾಗಿ ಇರಿಸುತ್ತವೆ. ಎಣ್ಣೆಗೆ ಈ ಶಕ್ತಿಯಿಲ್ಲ.

ಆಮೆಯ ನಡಿಗೆ

ಗುಂಡಿ ಒತ್ತಿದೊಡನೆ ಪ್ರವಾಹ ಆರಂಭವಾಗುವುದನ್ನು ನೋಡಿದವರು ಅಯಾನುಗಳು ಬಾಣದಂತೆ ಧಾವಿಸುತ್ತವೆಂದು ಭಾವಿಸಬಹುದು. ನಿಜಸ್ಥಿತಿ ಹಾಗಿಲ್ಲ. ಪ್ರತಿ ಸೆಂಟಿಮೀಟರಿಗೆ ಒಂದು ವೋಲ್ಟಿನಂತೆ ಸೆಳೆತವಿದ್ದರೆ, ತೆಳುವಾದ ದ್ರಾವಣದಲ್ಲಿ ತಾಮ್ರದ ಅಯಾನು ಒಂದು ಗಂಟೆಗೆ ಮುಂದುವರಿಯುವುದು ಸುಮಾರು ಎರಡೇ ಸೆಂಟಿಮೀಟರ್! ನೀರಿನ ಅಣುಗಳ ದಟ್ಟಣೆಯಲ್ಲಿ ಅದು ಜಾತ್ರೆಯ ಜನರ ನಡುವೆ ತೇರಿನ ಕಡೆಗೆ ಸಾಗುವ ಭಕ್ತನಂತೆ ಅತ್ತಿತ್ತ ತಳ್ಳಿಸಿಕೊಳ್ಳುತ್ತ ನಡೆಯಬೇಕು. ಹಾಗಾದರೆ ಪ್ರವಾಹ ತತ್‌ಕ್ಷಣ ಆರಂಭವಾಗುವುದೇಕೆ? ಎಲ್ಲ ಅಯಾನುಗಳೂ ಇದ್ದಲ್ಲಿಂದಲೇ ಏಕಕಾಲಕ್ಕೆ ಹೊರಡುವುದರಿಂದ. ಅಗ್ರದ ಪಕ್ಕದಲ್ಲಿದ್ದುದು ಆ ಕ್ಷಣವೇ ಮುಟ್ಟುತ್ತದೆ. ದೂರದಲ್ಲಿರುವುದು ತನ್ನ ಸರದಿಗೆ ಕಾಯುತ್ತದೆ.

ಜಲಜನಕದ ಅಯಾನು ಮಾತ್ರ ಇದಕ್ಕೆ ಅಪವಾದ. ಅದು ಇದೇ ಸೆಳೆತದಲ್ಲಿ ಗಂಟೆಗೆ ಸುಮಾರು 13 ಸೆಂಟಿಮೀಟರ್ ಸಾಗುತ್ತದೆ. ಆಲಿವರ್ ಲಾಡ್ಜ್ 1886ರಲ್ಲಿ ಬಣ್ಣ ಬೆರೆಸಿದ ಅಂಟುಮುದ್ದೆಯನ್ನು ಗಾಜಿನ ನಳಿಗೆಯಲ್ಲಿ ತುಂಬಿ, ಈ ಅಯಾನು ಮುಂದುವರಿದಂತೆಲ್ಲ ಬಣ್ಣ ಅಳಿಯುತ್ತ ಹೋಗುವುದನ್ನು ಕಣ್ಣಾರೆ ಕಂಡು ಅದರ ವೇಗವನ್ನಳೆದನು. ಇಷ್ಟು ವೇಗಕ್ಕೆ ಕಾರಣವೇನು? ಒಂದೇ ಅಯಾನು ಅಷ್ಟು ದೂರ ನಡೆಯುವುದಿಲ್ಲ. ನೀರಿನ ಅಣುವೊಂದು ಒಂದು ಬದಿಯಲ್ಲಿ ಜಲಜನಕದ ಅಯಾನನ್ನು ಪಡೆದು, ಇನ್ನೊಂದು ಬದಿಯಲ್ಲಿ ಬೇರೊಂದನ್ನು ಪಕ್ಕದ ಅಣುವಿಗೆ ದಾಟಿಸುತ್ತದೆ. ಗ್ರೋಟುಸ್ ಊಹಿಸಿದ ಇಟ್ಟಿಗೆಯ ಸಾಲು ಇದೇ ಅಲ್ಲವೆ! ಎಲ್ಲ ಅಯಾನುಗಳಿಗೂ ಸಲ್ಲದಿದ್ದ ಅವನ ಊಹೆ ಇಲ್ಲಿ ಸಲ್ಲುತ್ತದೆ. ಆಮ್ಲಗಳು ಲವಣಗಳಿಗಿಂತ ಉತ್ತಮ ವಾಹಕಗಳಾಗಿರುವುದಕ್ಕೂ ಇದೇ ಕಾರಣ.

ಅಗ್ರದಲ್ಲಿ ನಡೆಯುವ ವಿನಿಮಯ

ತಂತಿಯಲ್ಲಿ ಹರಿಯುವವು ಎಲೆಕ್ಟ್ರಾನುಗಳು. ದ್ರವದಲ್ಲಿ ಚಲಿಸುವವು ಅಯಾನುಗಳು. ಇವೆರಡೂ ಸಂಧಿಸುವ ಸ್ಥಳ ವಿದ್ಯುದಗ್ರ. ಋಣಾಗ್ರದಲ್ಲಿ ತಾಮ್ರದ ಅಯಾನು ಎರಡು ಎಲೆಕ್ಟ್ರಾನುಗಳನ್ನು ಪಡೆದು ತಾಮ್ರದ ಪರಮಾಣುವಾಗಿ ಅಂಟಿಕೊಳ್ಳುತ್ತದೆ. ಧನಾಗ್ರದಲ್ಲಿ ತಾಮ್ರದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ತಂತಿಗೆ ಬಿಟ್ಟುಕೊಟ್ಟು, ಅಯಾನಾಗಿ ದ್ರಾವಣಕ್ಕಿಳಿಯುತ್ತದೆ. ರಾಸಾಯನಿಕ ಪರಿಣಾಮಗಳೆಲ್ಲ ಅಗ್ರಗಳಲ್ಲಿಯೇ ಕಾಣಿಸಿಕೊಂಡು, ನಡುವೆ ಏನೂ ತೋರದಿರುವ ಒಗಟು ಹೀಗೆ ಬಿಡಿಸಿಕೊಳ್ಳುತ್ತದೆ.

ಅಡಿಗೆ ಉಪ್ಪಿನ ದ್ರಾವಣದಲ್ಲಿ ಋಣಾಗ್ರಕ್ಕೆ ಸೋಡಿಯಂ ಅಯಾನುಗಳು ಬರುತ್ತವೆ. ಆದರೆ ಅಲ್ಲಿ ಹೊರಡುವುದು ಜಲಜನಕ. ಸೋಡಿಯಮ್ಮಿಗಿಂತ ಸುಲಭವಾಗಿ ನೀರೇ ಎಲೆಕ್ಟ್ರಾನುಗಳನ್ನು ತೆಗೆದುಕೊಂಡು ಒಡೆಯುವುದರಿಂದ ಜಲಜನಕ ಹಾರಿಹೋಗಿ, ಅಗ್ರದ ಸುತ್ತ ಕ್ಷಾರ ಉಳಿಯುತ್ತದೆ. ಇದನ್ನು ವಿದ್ಯಾರ್ಥಿಗಳು ಸುಲಭವಾಗಿ ಪರೀಕ್ಷಿಸಬಹುದು. ಬಿಳಿಯ ಕಾಗದಕ್ಕೆ ಅರಿಸಿನದ ನೀರನ್ನು ಬಳಿದು ಒಣಗಿಸಿ. ಅದನ್ನು ಉಪ್ಪುನೀರಿನಲ್ಲಿ ನೆನೆಸಿ, ಸಾಲಾಗಿ ಜೋಡಿಸಿದ ಮೂರು ನಾಲ್ಕು ಟಾರ್ಚಿನ ಸೆಲ್ಲುಗಳಿಂದ ಬಂದ ಎರಡು ತಂತಿಗಳ ತುದಿಗಳನ್ನು ಅದರ ಮೇಲೆ ಸ್ವಲ್ಪ ಅಂತರದಲ್ಲಿ ಒತ್ತಿ ಹಿಡಿಯಿರಿ. ಋಣ ತಂತಿಯ ಕೆಳಗೆ ಕೆಂಪು ಚುಕ್ಕೆ ಮೂಡುತ್ತದೆ. ಅರಿಸಿನಕ್ಕೆ ಸುಣ್ಣ ಕೂಡಿದಾಗ ಓಕುಳಿಗೆ ಬರುವ ಕೆಂಪೇ ಇದು. ಇಲ್ಲಿ ಸುಣ್ಣದ ಕೆಲಸವನ್ನು ಮಾಡಿದುದು ವಿದ್ಯುತ್ತು ಉಂಟುಮಾಡಿದ ಕ್ಷಾರ. ಗುರುತು ಅಳಿಸಿಹೋದ ಬ್ಯಾಟರಿಯ ತುದಿಗಳಲ್ಲಿ ಯಾವುದು ಋಣವೆಂದು ತಿಳಿಯಲೂ ಈ ಕಾಗದ ಸಾಕು. ಆದರೆ ಮನೆಯ ಗೋಡೆಯ ಸಾಕೆಟ್ಟಿನ ವಿದ್ಯುತ್ತನ್ನು ಇಂತಹ ಪ್ರಯೋಗಕ್ಕೆ ಎಂದಿಗೂ ಬಳಸಕೂಡದು. ಉಪ್ಪುನೀರಿನ ಪಾತ್ರೆಯಲ್ಲಿ ಬಹಳ ಹೊತ್ತು ಪ್ರವಾಹವನ್ನು ಹರಿಸುವುದೂ ಸಲ್ಲದು; ಧನಾಗ್ರದಲ್ಲಿ ಕ್ಲೋರಿನ್ ಹೊರಡುತ್ತದೆ.

ಕಾರ್ಖಾನೆಯಲ್ಲಿ

ಮೈಲುತುತ್ತದ ಪಾತ್ರೆಯನ್ನೇ ದೊಡ್ಡದು ಮಾಡಿದರೆ ತಾಮ್ರವನ್ನು ಶುದ್ಧಿಮಾಡುವ ಕಾರ್ಖಾನೆಯಾಗುತ್ತದೆ. ಅಶುದ್ಧ ತಾಮ್ರದ ಗಟ್ಟಿ ಧನಾಗ್ರ. ತೆಳುವಾದ ಶುದ್ಧ ತಗಡು ಋಣಾಗ್ರ. ಅಶುದ್ಧ ಗಟ್ಟಿಯಲ್ಲಿ ಬೆರೆತ ಬೆಳ್ಳಿಬಂಗಾರಗಳು ಅಯಾನುಗಳಾಗದೆ ಕೆಳಗೆ ಕೆಸರಾಗಿ ಬೀಳುತ್ತವೆ. ಆ ಕೆಸರಿಗೂ ಬೆಲೆಯುಂಟು. ಅಗ್ಗದ ಒಡವೆಗಳಿಗೆ ಗಿಲೀಟು ಮಾಡುವುದೂ ಸೈಕಲ್ಲಿನ ಹ್ಯಾಂಡಲಿಗೆ ನಿಕ್ಕಲು, ಕ್ರೋಮಿಯಂ ಹೊದಿಸುವುದೂ ಇದೇ ತತ್ತ್ವದಿಂದ. ತಾಮ್ರದ ಪಾತ್ರೆಗೆ ಹಾಕುವ ಕಲಾಯಿ ಮಾತ್ರ ಈ ಜಾತಿಗೆ ಸೇರಿದುದಲ್ಲ. ಅಲ್ಲಿ ತವರವನ್ನು ಕಾಯಿಸಿ ಸವರುತ್ತಾರೆ. ಗಿಲೀಟಿನ ದ್ರಾವಣಗಳಲ್ಲಿ ಸಾಮಾನ್ಯವಾಗಿ ಸಯನೈಡು ಎಂಬ ಘೋರ ವಿಷವಿರುವುದರಿಂದ ಆ ಕೆಲಸವನ್ನು ಮನೆಯಲ್ಲಿ ಮಾಡಲಾಗದು.

ಅಲ್ಯೂಮಿನಿಯಮ್ಮಿನ ಕಥೆ ಇನ್ನೂ ಸ್ವಾರಸ್ಯವಾದುದು. ನೀರಿನ ದ್ರಾವಣದಿಂದ ಅದನ್ನು ಪಡೆಯಲಾಗುವುದಿಲ್ಲ. ಸೋಡಿಯಮ್ಮಿನಲ್ಲಿ ಆದಂತೆ ಜಲಜನಕವೇ ಹೊರಡುತ್ತದೆ. ಅದರ ಅದಿರಿನಿಂದ ದೊರೆಯುವ ಅಲ್ಯೂಮಿನಾ ಕರಗಬೇಕಾದರೆ 2000 ಡಿಗ್ರಿಗಿಂತ ಹೆಚ್ಚಿನ ಕಾವು ಬೇಕು. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ, ಒಬ್ಬರನ್ನೊಬ್ಬರು ಅರಿಯದೆ, ಒಂದೇ ಉಪಾಯವನ್ನು ಕಂಡುಹಿಡಿದರು. ಕ್ರಯೊಲೈಟ್ ಎಂಬ ಖನಿಜವನ್ನು ಕರಗಿಸಿ ಅದರಲ್ಲಿ ಅಲ್ಯೂಮಿನಾವನ್ನು ಬೆರೆಸಿದರೆ ಸುಮಾರು 960 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ವಿದ್ಯುದ್ವಿಭಜನೆ ಸಾಧ್ಯ. ಅವರಿಬ್ಬರೂ 1863ರಲ್ಲಿ ಹುಟ್ಟಿ 1914ರಲ್ಲಿ ತೀರಿಕೊಂಡರೆಂಬುದೊಂದು ವಿಚಿತ್ರ ಯೋಗಾಯೋಗ.

ಇಲ್ಲಿ ಫ್ಯಾರಡೆಯ ನಿಯಮ ತನ್ನ ಸುಂಕವನ್ನು ಕಟ್ಟುನಿಟ್ಟಾಗಿ ವಸೂಲುಮಾಡುತ್ತದೆ. ಅಲ್ಯೂಮಿನಿಯಮ್ಮಿನ ಪರಮಾಣು ಹಗುರ. ಅಯಾನಿನ ಆವೇಶವಾದರೋ ಮೂರು ಘಟಕ. ಆದುದರಿಂದ ಒಂದು ಕಿಲೋಗ್ರಾಂ ಬೆಳ್ಳಿಗೆ ಸುಮಾರು 248 ಆಂಪಿಯರ್-ಗಂಟೆ, ತಾಮ್ರಕ್ಕೆ 843 ಸಾಕಾದರೆ, ಅಲ್ಯೂಮಿನಿಯಮ್ಮಿಗೆ ಸುಮಾರು 2980 ಬೇಕು. ಎಷ್ಟೇ ಜಾಣ ಎಂಜಿನಿಯರಾದರೂ ಈ ಸಂಖ್ಯೆಯನ್ನು ಇಳಿಸಲಾರನು. ಇಂದಿನ ಕಾರ್ಖಾನೆಗಳಲ್ಲಿಯೂ ಒಂದು ಕಿಲೋಗ್ರಾಂ ತಯಾರಿಸಲು 13ರಿಂದ 15 ಯೂನಿಟ್ ವಿದ್ಯುತ್ತು ಖರ್ಚಾಗುತ್ತದೆ. ಹಳೆಯ ಪಾತ್ರೆಗಳನ್ನು ಕರಗಿಸಿ ಮತ್ತೆ ಎರಕ ಹೊಯ್ಯಲು ಇದರ ಇಪ್ಪತ್ತರಲ್ಲೊಂದು ಪಾಲಿನಷ್ಟು ಶಕ್ತಿ ಸಾಕು. ಗುಜರಿಯವನು ಹಳೆಯ ಅಲ್ಯೂಮಿನಿಯಂ ಪಾತ್ರೆಗೆ ಒಳ್ಳೆಯ ಬೆಲೆ ಕೊಡುವುದರ ಮರ್ಮ ಇದು.

ಕಾಳುಕಾಳಾದ ವಿದ್ಯುತ್ತು

ಈಗ ನಾವು ಬಿಟ್ಟುಬಂದ ಪ್ರಶ್ನೆಗೆ ಹಿಂದಿರುಗೋಣ. ಎಲ್ಲ ವಸ್ತುಗಳಿಗೂ 96,485 ಕೂಲಂಬ್ ಏಕೆ? 107.9 ಗ್ರಾಂ ಬೆಳ್ಳಿಯಲ್ಲಿರುವ ಪರಮಾಣುಗಳ ಸಂಖ್ಯೆಯೂ 1.008 ಗ್ರಾಂ ಜಲಜನಕದಲ್ಲಿರುವ ಪರಮಾಣುಗಳ ಸಂಖ್ಯೆಯೂ ಒಂದೇ. ಸಮಸಂಖ್ಯೆಯ ಪರಮಾಣುಗಳು ಸಮಪರಿಮಾಣದ ವಿದ್ಯುತ್ತನ್ನು ಹೊತ್ತರೆ, ಒಂದೊಂದೂ ಹೊತ್ತ ಪಾಲು ಒಂದೇ ಆಗಿರಬೇಕು. ತಾಮ್ರದ ಅಯಾನು ಸರಿಯಾಗಿ ಅದರ ಎರಡರಷ್ಟು, ಅಲ್ಯೂಮಿನಿಯಮ್ಮಿನದು ಮೂರರಷ್ಟು ಹೊರುತ್ತದೆ. ಒಂದೂವರೆ ಪಾಲು, ಎರಡೂಕಾಲು ಪಾಲು ಹೊರುವ ಅಯಾನು ಎಲ್ಲಿಯೂ ಇಲ್ಲ. ಅಂಗಡಿಯವನು ಎಲ್ಲರಿಗೂ ಪಡಿಯ ಲೆಕ್ಕದಲ್ಲಿಯೇ ಅಕ್ಕಿಯನ್ನಳೆದು ಕೊಡುತ್ತಿದ್ದರೆ ಅವನಲ್ಲಿ ಇರುವ ಅತಿ ಚಿಕ್ಕ ಅಳತೆ ಪಡಿಯೇ ಎಂದು ನಾವು ತೀರ್ಮಾನಿಸುವಂತೆ, ವಿದ್ಯುತ್ತಿಗೂ ಒಂದು ಅತಿ ಚಿಕ್ಕ ಅಳತೆಯಿರಬೇಕೆಂದು ಇಲ್ಲಿ ತೀರ್ಮಾನಿಸಬಹುದು.

ಐರ್ಲೆಂಡಿನ ಸ್ಟೋನಿ 1874ರಲ್ಲಿ ಈ ಮಾತನ್ನು ಮುಂದಿಟ್ಟನು. 1881ರಲ್ಲಿ ಹೆಲ್ಮ್‌ಹೋಲ್ಟ್ಸ್ ಲಂಡನ್ನಿನಲ್ಲಿ ಫ್ಯಾರಡೆಯ ಸ್ಮಾರಕೋಪನ್ಯಾಸ ಕೊಡುತ್ತ, ಧಾತುಗಳು ಪರಮಾಣುಗಳಿಂದಾಗಿವೆಯೆಂದು ಒಪ್ಪಿದರೆ ವಿದ್ಯುತ್ತೂ ಪರಮಾಣುಗಳಂತಹ ಅಂಶಗಳಿಂದಾಗಿದೆ ಎಂದು ಒಪ್ಪಲೇಬೇಕಾಗುವುದೆಂದು ವಿವರಿಸಿದನು. 1891ರಲ್ಲಿ ಸ್ಟೋನಿ ಈ ಅಂಶಕ್ಕೆ ಎಲೆಕ್ಟ್ರಾನ್ ಎಂದು ಹೆಸರಿಟ್ಟನು. ಜೆ. ಜೆ. ಥಾಮ್ಸನ್ 1897ರಲ್ಲಿ ಅದನ್ನು ನಿರ್ವಾತ ನಳಿಗೆಯಲ್ಲಿ ಒಂದು ಬಿಡಿ ಕಣವಾಗಿ ಗುರುತಿಸುವುದಕ್ಕೆ ಆರು ವರ್ಷ ಮೊದಲೇ, ಅದಕ್ಕೆ ನಾಮಕರಣವಾಗಿತ್ತು! ಮುಂದೆ ಮಿಲಿಕನ್ ಎಣ್ಣೆಯ ಹನಿಗಳ ಪ್ರಯೋಗದಿಂದ ಅದರ ಆವೇಶವನ್ನು ನೇರವಾಗಿ ಅಳೆದನು. ಆ ಆವೇಶದಿಂದ 96,485ನ್ನು ಭಾಗಿಸಿದರೆ, 107.9 ಗ್ರಾಂ ಬೆಳ್ಳಿಯಲ್ಲಿರುವ ಪರಮಾಣುಗಳ ಸಂಖ್ಯೆಯೇ ದೊರೆಯುತ್ತದೆ: 6022 ಎಂದು ಬರೆದು ಅದರ ಮುಂದೆ 20 ಸೊನ್ನೆಗಳನ್ನಿಟ್ಟಷ್ಟು. ಕಣ್ಣಿಗೆ ಕಾಣದ ಪರಮಾಣುಗಳನ್ನು ಎಣಿಸುವುದಕ್ಕೂ ತಕ್ಕಡಿ ನೆರವಾಯಿತು. 2019ರ ಮೇ 20ರಿಂದ ಆಂಪಿಯರ್ ಎಂಬ ಮಾನವನ್ನು ಎಲೆಕ್ಟ್ರಾನಿನ ಆವೇಶದ ಮೂಲಕವೇ ನಿರೂಪಿಸಲಾಗಿದೆ. ಒಂದು ಕಾಲದಲ್ಲಿ ಬೆಳ್ಳಿಯನ್ನು ತೂಗಿ ಅಳೆಯುತ್ತಿದ್ದುದನ್ನು ಈಗ ಕಾಳುಗಳ ಲೆಕ್ಕದಲ್ಲಿ ಹೇಳುತ್ತೇವೆ.

ನಮ್ಮ ಜೇಬಿನಲ್ಲಿರುವ ಮೊಬೈಲ್ ಫೋನೂ ಈ ಲೆಕ್ಕಕ್ಕೆ ಒಳಪಟ್ಟುದೇ. ಅದರ ಬ್ಯಾಟರಿಯಲ್ಲಿ ಲಿಥಿಯಂ ಅಯಾನುಗಳು ಒಂದು ಅಗ್ರದಿಂದ ಇನ್ನೊಂದಕ್ಕೆ ಹೋಗಿಬರುತ್ತಿರುತ್ತವೆ. ನಡುವೆ ಇರುವ ದ್ರವ ನೀರಲ್ಲ. ಮೂರು ವೋಲ್ಟಿಗಿಂತ ಹೆಚ್ಚಿನ ಸೆಳೆತಕ್ಕೆ ನೀರು ಒಡೆದುಹೋಗುವುದರಿಂದ ಅಲ್ಲಿ ಇಂಗಾಲದ ಸಂಯುಕ್ತವಾದ ಬೇರೆ ದ್ರಾವಕವನ್ನು ಬಳಸುತ್ತಾರೆ. ಬ್ಯಾಟರಿಯ ಮೇಲೆ 4000 ಮಿಲಿಆಂಪಿಯರ್-ಗಂಟೆ ಎಂದು ಬರೆದಿದ್ದರೆ, ವಿದ್ಯಾರ್ಥಿಗಳು ಫ್ಯಾರಡೆಯ ನಿಯಮವನ್ನು ಹಿಡಿದು ತಾವೇ ಲೆಕ್ಕ ಮಾಡಬಹುದು. ಲಿಥಿಯಮ್ಮಿನ ಪರಮಾಣು ತೂಕ 6.94, ವೇಲೆನ್ಸಿ ಒಂದು. ಸಾಗಬೇಕಾದ ವಿದ್ಯುತ್ತು 14,400 ಕೂಲಂಬ್. ಉತ್ತರ ಸುಮಾರು ಒಂದು ಗ್ರಾಂ. ಪ್ರತಿ ಸಲ ಫೋನನ್ನು ಪೂರ್ತಿ ಚಾರ್ಜು ಮಾಡಿದಾಗಲೂ ಒಂದು ಗ್ರಾಂ ಲೋಹ ಅಯಾನುಗಳಾಗಿ ಆ ತೆಳುವಾದ ಡಬ್ಬಿಯೊಳಗೆ ಈ ದಡದಿಂದ ಆ ದಡಕ್ಕೆ ದಾಟುತ್ತದೆ, ಬಳಸಿದಂತೆಲ್ಲ ಹಿಂದಿರುಗುತ್ತದೆ. 1834ರಲ್ಲಿ ಬರೆದಿಟ್ಟ ನಿಯಮ ಅದರ ಲೆಕ್ಕವನ್ನು ಇಂದಿಗೂ ತಪ್ಪದೆ ಒಪ್ಪಿಸುತ್ತದೆ.